ಅಕ್ಕನನ್ನು ಕೇಳದೆ ಮುಟ್ಟಬೇಡಿ

ನಗರದ ಬಸ್ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಅವನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಇದರಿಂದ ಅವನು ಮಾತು ಕಡಿಮೆ ಆಡುತ್ತಿದ್ದನೆಂದು ಯಾರೂ ತಪ್ಪು ತಿಳಿಯಬಾರದು. ಲಿಫ್ಟಿನಲ್ಲಿ ಸಿಕ್ಕವರನ್ನು ಅವರು ಇಳಿಯಬೇಕಾದ ಮಹಡಿ ದಾಟಿದ ಮೇಲೂ ಮಾತಿನಲ್ಲಿ ಕಟ್ಟಿಹಾಕುವ ಶಕ್ತಿ ಅವನಿಗಿತ್ತು. ಮೌನವೇನಿದ್ದರೂ ಅವನು ಬರೆಯುವ ಕೋಡ್‌ನಲ್ಲಿ.

ಪ್ರೋಗ್ರಾಂ ಬರೆಯುವವರಲ್ಲಿ ಒಂದು ರೂಢಿಯಿದೆ. ಯಂತ್ರಕ್ಕೆ ಕೊಡುವ ಆಜ್ಞೆಗಳ ನಡುನಡುವೆ, ಈ ಸಾಲು ಇಲ್ಲಿ ಯಾಕಿದೆ ಎಂದು ಮುಂದೆ ಓದುವ ಮನುಷ್ಯರಿಗಾಗಿ ಒಂದು ಮಾತು ಬರೆದಿಡುತ್ತಾರೆ. ಯಂತ್ರ ಅದನ್ನು ಓದುವುದಿಲ್ಲ, ಕಂಡೂ ಕಾಣದ ಹಾಗೆ ದಾಟಿಹೋಗುತ್ತದೆ. ಅದಕ್ಕೆ ಕಮೆಂಟ್ ಎನ್ನುತ್ತಾರೆ. ಮೌನಿಗೆ ಕಮೆಂಟ್ ಕಂಡರೆ ಮೈಯೆಲ್ಲ ಉರಿ. ಒಳ್ಳೆಯ ಕೋಡ್ ತಾನೇ ಮಾತಾಡುತ್ತದೆ, ಕಮೆಂಟ್ ಬರೆಯುವವನು ತನ್ನ ಕೋಡಿಗೆ ಬಾಯಿಲ್ಲವೆಂದು ಬರೆದುಕೊಟ್ಟ ಹಾಗೆ ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತವನ್ನು ಅವನು ಊಟದ ಕೋಣೆಯಲ್ಲಿ ಮಂಡಿಸಿದ್ದ, ಕಾರಿಡಾರಿನಲ್ಲಿ ಮಂಡಿಸಿದ್ದ, ನೀರಿನ ಯಂತ್ರ ರಿಪೇರಿಗೆ ಬಂದವನಿಗೂ ಮಂಡಿಸಿದ್ದ. ಆತ ಎಲ್ಲಕ್ಕೂ ಹೌದು ಹೌದು ಎಂದು ತಲೆಯಾಡಿಸಿ, ಸ್ಪ್ಯಾನರನ್ನು ಅಲ್ಲೇ ಮರೆತು ಓಡಿಹೋಗಿದ್ದ.

ಮೌನಿಯ ಪಕ್ಕದ ಮೇಜಿನವಳು ಮಾತ್ರ ಒಂದು ದಿನ ಎದುರು ಹೇಳಿದಳು. ಹೋದ ವಾರ ತಾನೇ ಬರೆದದ್ದು ಈ ವಾರ ತನಗೇ ಅರ್ಥವಾಗುವುದಿಲ್ಲ, ಅದಕ್ಕೆ ಒಂದೆರಡು ಮಾತು ಬರೆದಿಟ್ಟುಕೊಂಡರೆ ತಪ್ಪೇನು ಎಂದಳು. ಮೌನಿ ಕನಿಕರದಿಂದ ನಕ್ಕು, ಅಭ್ಯಾಸ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಧೈರ್ಯ ತುಂಬಿದ. ಅವಳು ತನ್ನ ಚಹಾದ ಲೋಟ ಎತ್ತಿಕೊಂಡು ಬೇರೆ ಕಿಟಕಿಯ ಹತ್ತಿರ ಹೋಗಿ ನಿಂತಳು.

ಹೀಗಿರುವಾಗ ಕಚೇರಿಗೆ ಹೊಸ ಮುಖ್ಯಾಧಿಕಾರಿ ಬಂದರು. ಹೊಸಬರೆಂದ ಮೇಲೆ ಏನಾದರೂ ಒಂದನ್ನು ಸರಿಮಾಡಲೇಬೇಕು. ಬಸ್ಸುಗಳು ಬೇಗ ಬೇಗ ಓಡಬೇಕೆಂದು ಅವರು ತೀರ್ಮಾನಿಸಿದರು. ತಾವೇ ಬಸ್ ಹತ್ತಿ ಸುತ್ತಾಡಿ ಬಂದರು. ಅಂಚೆ ಕಚೇರಿಯ ತಿರುವಿನ ನಿಲ್ದಾಣದಲ್ಲಿ ಅವರಿಗೊಂದು ವಿಚಿತ್ರ ಕಂಡಿತು. ಇಳಿಯುವವರು ಇಳಿದು, ಹತ್ತುವವರು ಹತ್ತಿ, ಬಾಗಿಲು ಮುಚ್ಚಿದ ಮೇಲೂ ಬಸ್ಸು ಅಲ್ಲಾಡದೆ ನಿಂತಿತ್ತು. ಯಾಕೆಂದು ಕೇಳಿದರೆ ಚಾಲಕ ತನ್ನ ಮುಂದಿನ ಪುಟ್ಟ ತೆರೆಯನ್ನು ತೋರಿಸಿದ. ಅದರಲ್ಲಿ ‘ನಿಲ್ಲಿ’ ಎಂದಿತ್ತು. ಅದು ‘ಹೊರಡಿ’ ಎನ್ನುವ ತನಕ ನಿಲ್ಲುವುದು ತನ್ನ ಧರ್ಮವೆಂದು ಆತ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತ.

ಮಾರನೆಯ ದಿನ ಸಭೆ. ತೆರೆಗೆ ಆಜ್ಞೆ ಕೊಡುವ ಪ್ರೋಗ್ರಾಮನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟರು. ಹುಡುಕುತ್ತಾ ಹೋದಾಗ ಆ ನಿಲ್ದಾಣದಲ್ಲಿ ಬಸ್ಸನ್ನು ಸುಮ್ಮನೆ ನಿಲ್ಲಿಸುವ ಸಾಲು ಸಿಕ್ಕಿತು. ಅದರ ನೆತ್ತಿಯ ಮೇಲೆ ಒಂದು ಕಮೆಂಟ್: ‘ಅಕ್ಕನನ್ನು ಕೇಳದೆ ಇದನ್ನು ಮುಟ್ಟಬೇಡಿ.’

ಇಂಥ ಅವಕಾಶಕ್ಕಾಗಿ ಮೌನಿ ವರ್ಷಗಟ್ಟಲೆ ಕಾದಿದ್ದ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದುನಿಂತ.

“ನೋಡಿ ಸರ್, ನಾನು ಇಷ್ಟು ದಿನದಿಂದ ಬಡ್ಕೊಳ್ತಿರೋದು ಇದನ್ನೇ. ಇದನ್ನ ಬರೆದ ಮಹಾನುಭಾವ ಯಾರೋ, ಅವನ ತಲೇಲಿ ಏನಿತ್ತೋ. ಅಕ್ಕ ಅಂತೆ. ಇದೇನು ಕಚೇರಿನಾ, ಅವನ ಮನೆ ಪಡಸಾಲೆನಾ? ಇಂಥವನನ್ನ ಕೀಬೋರ್ಡ್ ಹತ್ರ ಕೂರಿಸಿದವರನ್ನ ಹಿಡಿದು ಕೇಳ್ಬೇಕು.”

ಪ್ರತಿ ಸಾಲನ್ನೂ ಬರೆದವರು ಯಾರೆಂದು ತೋರಿಸುವ ಒಂದು ಸೌಲಭ್ಯ ಕಂಪ್ಯೂಟರಿನಲ್ಲಿದೆ. ಪಕ್ಕದ ಮೇಜಿನವಳು ಒಂದು ಗುಂಡಿ ಒತ್ತಿದಳು. ಗೋಡೆಯ ಮೇಲೆ ಮೌನಿಯ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ, ಕಿಟಕಿಯಷ್ಟು ಅಗಲವಾಗಿ ಮೂಡಿತು.

ಸಭೆಯಲ್ಲಿ ಕೆಲವರಿಗೆ ಕೆಮ್ಮು ಬಂತು. ಮೌನಿ ಗೋಡೆಯನ್ನು ನೋಡಿದ, ಕೂರಲೋ ನಿಂತೇ ಇರಲೋ ತಿಳಿಯದೆ ಅರ್ಧ ಬಾಗಿದ. ಯಾವಾಗ ಬರೆದೆ, ಯಾಕೆ ಬರೆದೆ, ಒಂದೂ ನೆನಪಿಲ್ಲ.

“ಅಕ್ಕ ಅಂದ್ರೆ ಯಾರ್ರೀ?” ಎಂದು ಮುಖ್ಯಾಧಿಕಾರಿ ಕೇಳಿದರು.

ಮುಳುಗುವವನ ಬಾಯಿಗೆ ನೀರಿನ ಬದಲು ಸುಳ್ಳು ಬಂತು. “ಅದು ಯಾರೂ ಅಲ್ಲ ಸರ್. ಸಂಕ್ಷಿಪ್ತ ರೂಪ. ಅಧಿಕೃತ ಕಾಲಪಟ್ಟಿ ಕಮಿಟಿ. ಬಾಯಲ್ಲಿ ಸವೆದು ಸವೆದು ಅಕ್ಕ ಆಗಿದೆ.”

ಮುಖ್ಯಾಧಿಕಾರಿ ಹೊಸಬರು. ತಮಗೆ ಗೊತ್ತಿಲ್ಲದ ಕಮಿಟಿಯೊಂದು ತಮ್ಮದೇ ಕಚೇರಿಯಲ್ಲಿದೆ ಎಂದು ಎಲ್ಲರೆದುರು ಒಪ್ಪಿಕೊಳ್ಳುವುದು ಹೇಗೆ? “ಓ, ಆ ಕಮಿಟಿನಾ. ಗೊತ್ತು, ಗೊತ್ತು. ಅದರಲ್ಲಿ ಒಂದಿಬ್ಬರು ನನಗೆ ಚೆನ್ನಾಗಿ ಪರಿಚಯ” ಎಂದುಬಿಟ್ಟರು. ಮೌನಿಗೆ ತನ್ನ ಸುಳ್ಳಿಗಿಂತ ಈ ಮಾತು ಹೆಚ್ಚು ಭಯ ಹುಟ್ಟಿಸಿತು.

ಮುಖ್ಯಾಧಿಕಾರಿಗಳಿಗೇ ಗೊತ್ತಿದೆಯೆಂದ ಮೇಲೆ ಬೇರೆಯವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅಕ್ಕದ ಬಗ್ಗೆ ಮಾಹಿತಿ ಕೊಡಿ ಎಂದು ವಿಭಾಗಗಳನ್ನು ಕೇಳಿದ್ದೇ ತಡ, ಎಲ್ಲರೂ ಕೊಟ್ಟರು. ಉಗ್ರಾಣದ ಅಧಿಕಾರಿ ತಾನು ಅಕ್ಕಕ್ಕೆ ಕುರ್ಚಿಗಳನ್ನು ಕಳಿಸಿಕೊಟ್ಟದ್ದಾಗಿಯೂ, ಅವುಗಳಲ್ಲೊಂದು ಕಾಲು ಮುರಿದುಕೊಂಡು ವಾಪಸು ಬಂದದ್ದಾಗಿಯೂ ತಿಳಿಸಿದರು. ಸಿಬ್ಬಂದಿ ವಿಭಾಗದವರು, ಅಕ್ಕದ ಸದಸ್ಯರು ರಜೆಯ ಅರ್ಜಿಯನ್ನು ಯಾವತ್ತೂ ಸರಿಯಾಗಿ ತುಂಬುವುದಿಲ್ಲವೆಂದು ದೂರಿದರು. ಕಾನೂನು ಅಧಿಕಾರಿ ಬಹಳ ಯೋಚಿಸಿ, ಅಕ್ಕವು ಮುಖ್ಯಾಧಿಕಾರಿಗಳಿಗಿಂತ ಮೇಲೋ ಕೆಳಗೋ ಎಂಬುದು ಸ್ಪಷ್ಟವಿಲ್ಲ, ಮೇಲೆಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ ಎಂದು ಅಭಿಪ್ರಾಯಪಟ್ಟರು.

ಮುಖ್ಯಾಧಿಕಾರಿ ಕೂಡಲೇ ಅಕ್ಕದ ಅಧ್ಯಕ್ಷರನ್ನು ಕರೆತರಲು ಮೌನಿಗೆ ಹೇಳಿದರು. ಜೊತೆಗೆ, ಅಧ್ಯಕ್ಷರು ಬರುವ ದಿನ ಆ ಸಾಲನ್ನು ತೆಗೆದೇ ಇಟ್ಟಿರಬೇಕು, ಬಸ್ಸು ಎಷ್ಟು ಚುರುಕಾಗಿ ಓಡುತ್ತದೆಂದು ಅವರು ಕಣ್ಣಾರೆ ನೋಡಲಿ ಎಂದೂ ಸೇರಿಸಿದರು. ಬದಲಾವಣೆ ಆ ದಿನದಿಂದಲೇ ಬಸ್ಸುಗಳಿಗೆ ತಲುಪುವ ಹಾಗೆ ಗೊತ್ತುಮಾಡಿ ಮೌನಿ ಸಾಲನ್ನು ತೆಗೆದ. ತನ್ನ ಮಾನ ಕಳೆದ ಆ ಕಮೆಂಟನ್ನೂ ಅಳಿಸಿದ. ಅಷ್ಟಕ್ಕೇ ಸಿಟ್ಟು ಇಳಿಯದೆ ಇಡೀ ಪ್ರೋಗ್ರಾಮಿನಲ್ಲಿ ಯಾರ್‍ಯಾರು ಬರೆದ ಕಮೆಂಟ್ ಎಲ್ಲೆಲ್ಲಿ ಇತ್ತೋ ಅಷ್ಟನ್ನೂ ಗುಡಿಸಿ ಹಾಕಿ, ಶುದ್ಧವಾಯಿತು ಎಂದುಕೊಂಡು ಮನೆಗೆ ಹೋದ.

ಅವನ ಹೆಂಡತಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಊಟಕ್ಕೆ ಕೂತಾಗ ಮೌನಿ ಕಥೆಯನ್ನೆಲ್ಲ ಹೇಳಿ, ತಾನು ಬರೆದ ಆ ಅಕ್ಕ ಯಾರಿರಬಹುದು ಎಂದು ಗಾಢವಾಗಿ ಚಿಂತಿಸಿದ. ಯಾವುದಾದರೂ ಹಳೆಯ ಯಂತ್ರದ ಹೆಸರಿರಬಹುದೇ? ಯಾವುದೋ ಗುಪ್ತ ಸಂಕೇತವೇ?

“ರೀ, ನಿಮಗಿರೋದು ಒಬ್ಬರೇ ಅಕ್ಕ” ಎಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ. “ಅವರ ಡ್ರೈವಿಂಗ್ ಶಾಲೆ ಇರೋದು ಅಂಚೆ ಕಚೇರಿ ತಿರುವಿನ ಓಣೀಲಿ. ಇದಕ್ಕೂ ಕಮಿಟಿ ಬೇಕಾ?”

ಮಾರನೆಯ ಸಂಜೆ ಮೌನಿ ಅಕ್ಕನ ಶಾಲೆಗೆ ಹೋದ. ಅಕ್ಕ ಕೂತು ಮಾತಾಡುವವಳಲ್ಲ. ಏನು ಹೇಳುವುದಿದ್ದರೂ ಕಾರಿನಲ್ಲೇ. ಅವನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ ತಾನು ಪಕ್ಕದಲ್ಲಿ ಕೂತಳು. ಕಲಿಸುವವರ ಕಾರಾದ್ದರಿಂದ ಅವಳ ಕಾಲ ಕೆಳಗೂ ಒಂದು ಬ್ರೇಕಿತ್ತು. ಎದುರಿನವರ ಮಾತು ಹಿಡಿಸದಿದ್ದರೆ ಅವಳು ಅದನ್ನು ಒತ್ತುತ್ತಿದ್ದಳು.

ಬ್ರೇಕು ಮತ್ತು ಬೈಗುಳದ ನಡುವೆ ಮೌನಿಗೆ ತಿಳಿದದ್ದಿಷ್ಟು. ಶಾಲೆ ಶುರುವಾದಾಗ ಓಣಿಯಿಂದ ದೊಡ್ಡ ರಸ್ತೆಗೆ ಇಳಿಯಲು ಕಲಿಯುವವರಿಗೆ ಆಗುತ್ತಲೇ ಇರಲಿಲ್ಲ. ಗಾಡಿಗಳ ಸಾಲಿಗೆ ಕೊನೆಯೇ ಇಲ್ಲ, ಬಿಡುವವರೂ ಇಲ್ಲ. ಕೆಲವರು ಪಾಠದ ಹೊತ್ತನ್ನೆಲ್ಲ ಓಣಿಯ ಬಾಯಲ್ಲೇ ಕಳೆದು, ಇಳಿದು, ಥ್ಯಾಂಕ್ಸ್ ಹೇಳಿ ಮನೆಗೆ ಹೋಗುತ್ತಿದ್ದರು. ಆಗ ಅಕ್ಕ ತಮ್ಮನನ್ನು ಕರೆದು, ತಿರುವಿನಲ್ಲಿ ಬಸ್ಸು ಒಂದಿಷ್ಟು ನಿಲ್ಲುವ ಹಾಗೆ ಮಾಡೆಂದಳು. ಬಸ್ಸು ನಿಂತರೆ ಅದರ ಹಿಂದಿನ ಗಾಡಿಗಳೂ ನಿಲ್ಲುತ್ತವೆ, ಕಲಿಯುವವರು ನೆಮ್ಮದಿಯಾಗಿ ರಸ್ತೆಗೆ ಇಳಿಯುತ್ತಾರೆ. ತಮ್ಮ ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಅಕ್ಕ ಹೇಳಿದಳೆಂದು ಮಾಡಿಬಿಟ್ಟಿದ್ದ.

“ನನ್ನ ಕೇಳದೆ ತೆಗೀಬಾರದು ಅಂತ ಅದರ ಮೇಲೇ ಬರಿ ಅಂದಿದ್ದೂ ನಾನೇ” ಎಂದಳು ಅಕ್ಕ. “ನೀನು ಮರೀತೀಯ ಅಂತ ಗೊತ್ತಿತ್ತು.”

ಈಗ ಕೇಳುತ್ತಿದ್ದೇನಲ್ಲ, ತೆಗೆಯಲು ಒಪ್ಪಿಗೆ ಕೊಡು, ಬಂದು ಅಧ್ಯಕ್ಷೆಯ ಹಾಗೆ ಒಂದು ಮಾತು ಹೇಳಿ ಹೋಗು ಎಂದು ಮೌನಿ ಅಂಗಲಾಚಿದ. ಕಾರು ಗಕ್ಕೆಂದು ನಿಂತಿತು.

“ನಾಟಕಗೀಟಕ ಎಲ್ಲ ನನ್ನ ಕೈಲಾಗಲ್ಲ. ಅಕ್ಕ ಬರಲಿ ಅಂದಿದ್ದಾರೆ, ಅಕ್ಕ ಬರ್ತಾಳೆ. ಕನ್ನಡಿ ನೋಡಿ ಗಾಡಿ ತೆಗಿ.”

ಸಭೆಯ ದಿನ ಅಕ್ಕ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಮೌನಿ ಅವಳ ಹಿಂದೆ, ಶಿಕ್ಷೆಗೆ ಹೊರಟವನ ಹಾಗೆ. ಇನ್ನೇನು ಎಲ್ಲ ಬಯಲಾಯಿತು ಎಂದು ಅವನು ಕಣ್ಣು ಮುಚ್ಚಿದ. ಆದರೆ ಕೇಳಿಸಿದ್ದು ಕುರ್ಚಿಗಳು ಸರಿಯುವ ಸದ್ದು. ಕಣ್ಣು ಬಿಟ್ಟರೆ, ಅಕ್ಕಕ್ಕೆ ಕುರ್ಚಿ ಕಳಿಸಿದ್ದ ಉಗ್ರಾಣದ ಅಧಿಕಾರಿ ಎದ್ದು ನಿಂತಿದ್ದಾರೆ, ಸಿಬ್ಬಂದಿ ವಿಭಾಗದವರು ನಿಂತಿದ್ದಾರೆ, ಕಾನೂನು ಅಧಿಕಾರಿ ಫೈಲು ಮುಖಕ್ಕೆ ಅಡ್ಡ ಹಿಡಿದುಕೊಂಡೇ ನಿಂತಿದ್ದಾರೆ. ಕಚೇರಿಯ ಅರ್ಧ ಜನ ಗಾಡಿ ಕಲಿತದ್ದು ಅವಳ ಹತ್ತಿರವೇ. ಅವಳ ಶಿಷ್ಯರಿಗೆಲ್ಲ ಅವಳು ಅಕ್ಕ.

“ಅಕ್ಕ, ನೀವಾ?” ಎಂದರು ಉಗ್ರಾಣದ ಅಧಿಕಾರಿ, ತಾವು ಕಳಿಸಿದ ಕುರ್ಚಿಗಳ ಮಾತು ಬಾರದಿರಲೆಂದು ಹಾರೈಸುತ್ತಾ.

“ರಿವರ್ಸ್ ಬಂತಾ?” ಎಂದಳು ಅಕ್ಕ. ಅವರು ತಲೆ ತಗ್ಗಿಸಿದರು.

ಎಲ್ಲರೂ ನಿಂತದ್ದನ್ನು ಕಂಡು ಮುಖ್ಯಾಧಿಕಾರಿ ತಾವೂ ನಿಂತರು. ಕಾನೂನು ಅಧಿಕಾರಿಯ ಅಭಿಪ್ರಾಯ ಸರಿಯಾಗಿಯೇ ಇದ್ದಂತೆ ಅವರಿಗೆ ತೋರಿತು. ಆದರೂ ಧೈರ್ಯ ಮಾಡಿ, ತಿರುವಿನಲ್ಲಿ ಬಸ್ಸು ಸುಮ್ಮನೆ ನಿಲ್ಲುವುದು ಶುದ್ಧ ದಂಡ, ಇವತ್ತಿನಿಂದ ಅದನ್ನು ನಿಲ್ಲಿಸಿದ್ದೇವೆ ಎಂದು ವಿನಯದಿಂದ ವಿವರಿಸಿದರು. ಅಕ್ಕ ಪೂರ್ತಿ ಕೇಳಿಸಿಕೊಂಡು, ತಾವು ಗಾಡಿ ಓಡಿಸುತ್ತೀರಾ ಎಂದು ಕೇಳಿದಳು. ಕಚೇರಿಯ ಕಾರಿಗೆ ಚಾಲಕನಿದ್ದಾನೆ, ಲೈಸೆನ್ಸೇನೋ ಹಿಂದೆ ಯಾವಾಗಲೋ ತೆಗೆದುಕೊಂಡದ್ದು ಇದೆ ಎಂದರು ಮುಖ್ಯಾಧಿಕಾರಿ. ಅದನ್ನು ತೆಗೆದುಕೊಂಡ ಮೇಲೆ ಸ್ಟಿಯರಿಂಗ್ ಮುಟ್ಟಿರಲಿಲ್ಲವೆಂಬುದನ್ನು ಹೇಳಲಿಲ್ಲ. ಅಕ್ಕ ಅದನ್ನು ಅವರ ಮುಖದಲ್ಲೇ ಓದಿಕೊಂಡಳು.

“ಹಾಗಾದ್ರೆ ಬನ್ನಿ ಸಾರ್. ಆ ಓಣಿಯಿಂದ ಒಂದ್ಸಲ ರಸ್ತೆಗೆ ಬಂದು ತೋರಿಸಿ. ಆಮೇಲೆ ನೀವು ಹೇಳಿದ ಹಾಗೆ.”

ಹೀಗೆ ಬಸ್ ಕಚೇರಿಯ ಮುಖ್ಯಾಧಿಕಾರಿ ಕಲಿಯುವವರ ಕಾರಿನಲ್ಲಿ, ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಕೆಂಪು ಬೋರ್ಡು ಹೊತ್ತು, ಓಣಿಯ ಬಾಯಿಗೆ ಬಂದು ನಿಂತರು. ಪಕ್ಕದಲ್ಲಿ ಅಕ್ಕ. ಹಿಂದೆ ಮೌನಿ.

ಎದುರಿನ ರಸ್ತೆಯಲ್ಲಿ ಗಾಡಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಬಸ್ಸು ಬಂತು. ಉಸಿರು ಬಿಡುವಷ್ಟು ಹೊತ್ತು ನಿಂತು ಹೊರಟೇಹೋಯಿತು. ಮುಖ್ಯಾಧಿಕಾರಿ ಕಾರನ್ನು ಒಂದು ಗೇಣು ಮುಂದೆ ಬಿಟ್ಟು, ಹೆದರಿ, ಬ್ರೇಕು ಒತ್ತಿದರು. ಎಂಜಿನ್ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಹಿಂದೆ ಬೇಕರಿಯವನ ವ್ಯಾನು ಬಂದು ನಿಂತು ಹಾರ್ನ್ ಹೊಡೆಯಿತು. ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಅಂಗಡಿಯಿಂದ ಇಳಿದು ಬಂದ. ಅವನ ಹಿಂದೆ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ, ಅರ್ಧ ತಲೆ ಕತ್ತರಿಸಿದ್ದ ಗಿರಾಕಿಯೂ ಬಂದ. ಕ್ಷೌರಿಕ ಎಡಕ್ಕೆ ತಿರುಗಿಸಿ ಎಂದ, ಗಿರಾಕಿ ಬಲಕ್ಕೆ ಎಂದ. ಹಲ್ಲಿನ ಡಾಕ್ಟರ್ ಮಹಡಿಯ ಕಿಟಕಿಯಿಂದ ಬಗ್ಗಿ, ಮೊದಲು ಸೀಟನ್ನು ಮುಂದಕ್ಕೆ ಸರಿಸಿಕೊಳ್ಳಲಿ ಎಂದರು. ಅವರ ಹಿಂದಿನಿಂದ ಬಾಯಿ ತೆರೆದೇ ಇಟ್ಟುಕೊಂಡಿದ್ದ ರೋಗಿಯೂ ಏನೋ ಸಲಹೆ ಕೊಟ್ಟ, ಅದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ನಡುನಡುವೆ ಅಕ್ಕ, ಅಕ್ಕ ಎಂದು ಕರೆಯುತ್ತಿದ್ದರು.

ಇವತ್ತು ಬಸ್ಸು ಯಾಕೆ ನಿಲ್ಲಲಿಲ್ಲ ಎಂದು ಕ್ಷೌರಿಕ ಕೇಳಿದ. ಬೇಕರಿಯವನು ಕಾರಿನ ಕಿಟಕಿಯೊಳಗೆ ತಲೆ ತೂರಿಸಿ, ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದವರಿಗೇ ವಿವರಿಸಿದ: “ಯಾವನೋ ಹೊಸ ಸಾಹೇಬ ಬಂದಿದ್ದಾನಂತೆ ಸಾರ್. ಅವನಿಗೆ ಗಾಡಿ ಓಡ್ಸೋಕೆ ಬರಲ್ಲ ಅಂತ ಕಾಣುತ್ತೆ.”

ಮುಖ್ಯಾಧಿಕಾರಿ ಕನ್ನಡಿಯಲ್ಲಿ ಮೌನಿಯನ್ನು ನೋಡಿದರು. “ರೀ, ಆ ಸಾಲು ವಾಪಸ್ ಹಾಕ್ಸಿ” ಎಂದರು ಸಣ್ಣ ದನಿಯಲ್ಲಿ.

ಮೌನಿ ಪಕ್ಕದ ಮೇಜಿನವಳಿಗೆ ಫೋನ್ ಮಾಡಿದ. ಎಲ್ಲಿ ಹಾಕಲಿ ಎಂದು ಅವಳು ಕೇಳಿದಳು. ಅಲ್ಲೇ, ನಿಲ್ದಾಣಗಳ ಲೆಕ್ಕ ಬರುವ ಕಡೆ ಎಂದ. ಎಲ್ಲ ಕಡೆಯೂ ನಿಲ್ದಾಣಗಳ ಲೆಕ್ಕವೇ ಬರುತ್ತದೆ ಎಂದಳು. ಸ್ವಲ್ಪ ಕೆಳಗೆ ಎಂದ. ಕೆಳಗೂ ಅದೇ ಎಂದಳು. ಗುರುತಿಗೆ ಒಂದು ಕಮೆಂಟಾದರೂ ಇದ್ದರೆ ನೋಡಬಹುದಿತ್ತು, ಒಂದೂ ಇಲ್ಲ, ಯಾರೋ ಪುಣ್ಯಾತ್ಮರು ಸಾರಿಸಿ ಗುಡಿಸಿದ ಹಾಗಿದೆ ಎಂದಳು.

“ನಿಮ್ಮ ಕೋಡ್ ತಾನೇ ಮಾತಾಡುತ್ತಲ್ಲ ಮೌನಿಗಳೇ. ಫೋನ್ ಅದರ ಹತ್ರ ಹಿಡೀಲಾ?”

ಹಾರ್ನುಗಳ ಮೇಳ ಜೋರಾಯಿತು. ಅಳಿಸಿದ ಸಾಲುಗಳೆಲ್ಲ ಕಂಪ್ಯೂಟರಿನ ಹಳೆಯ ದಾಖಲೆಯಲ್ಲಿ ಇರುತ್ತವೆ ನಿಜ, ಆದರೆ ಮೌನಿ ಅಂದು ಸಿಟ್ಟಿನಲ್ಲಿ ಅಳಿಸಿದ್ದನ್ನು ಒಂದೊಂದಾಗಿ ಓದುತ್ತಾ ಹೋದರೆ ಮುಖ್ಯಾಧಿಕಾರಿಗಳ ನಿವೃತ್ತಿಯ ವೇಳೆಗೆ ಮುಗಿಯುತ್ತಿತ್ತೋ ಏನೋ. ಹೊರಗೆ ಬೇಕರಿಯವನು ಮತ್ತೆ ಅಕ್ಕ ಎಂದು ಕೂಗಿದ. ಮೌನಿಗೆ ತಟ್ಟನೆ ಹೊಳೆಯಿತು.

“ಅಳಿಸಿದ್ದರಲ್ಲಿ ಅಕ್ಕ ಅಂತ ಹುಡುಕಿ” ಎಂದ ಫೋನಿನಲ್ಲಿ. “ಕಮೆಂಟ್ ಇತ್ತಲ್ಲ, ಅದರ ಕೆಳಗೇ ಆ ಸಾಲು.”

“ಸಿಕ್ತು” ಎಂದಳು ಅವಳು ಮರುಕ್ಷಣವೇ. “ಇಡೀ ಪ್ರೋಗ್ರಾಮಿಗೆ ಒಬ್ಬರೇ ಅಕ್ಕ.”

ಮುಂದಿನ ಬಸ್ಸು ಬಂತು. ನಿಂತಿತು. ಬಾಗಿಲು ಮುಚ್ಚಿತು. ಆಮೇಲೂ ನಿಂತೇ ಇತ್ತು. ಅದರ ಹಿಂದಿನ ಗಾಡಿಗಳು ಒಂದೊಂದಾಗಿ ನಿಂತವು, ರಸ್ತೆ ಅಂಗೈಯ ಹಾಗೆ ಬಿಚ್ಚಿಕೊಂಡಿತು. ಕಾರು ಕೆಮ್ಮಿತು, ಮುಗ್ಗರಿಸಿತು, ಕಪ್ಪೆಯ ಹಾಗೆ ಕುಪ್ಪಳಿಸಿ ದೊಡ್ಡ ರಸ್ತೆಗೆ ಇಳಿಯಿತು. ಓಣಿಯ ಜನ ಚಪ್ಪಾಳೆ ಹೊಡೆದರು. ಬಸ್ಸಿನೊಳಗಿನವರೂ ಯಾಕೆಂದು ತಿಳಿಯದಿದ್ದರೂ ಸೇರಿಕೊಂಡರು. ಮುಖ್ಯಾಧಿಕಾರಿಗಳ ಮುಖದಲ್ಲಿ, ಅಧಿಕಾರ ವಹಿಸಿಕೊಂಡ ದಿನವೂ ಇರದಿದ್ದ ಬೆಳಕು ಬಂತು. ಅವರು ಕಚೇರಿಯ ಕಡೆ ತಿರುಗಲೇ ಇಲ್ಲ. ಒಂದು ಸುತ್ತು ಹೊಡೆದು ಮತ್ತೆ ಓಣಿಗೇ ಬಂದು, “ಇನ್ನೊಂದ್ಸಲ” ಎಂದರು.

ವಾಪಸು ಬರುವಾಗ ಅವರು ಉಲ್ಲಾಸದಿಂದ, ಅಂದರೆ ಈ ಅಧಿಕೃತ ಕಾಲಪಟ್ಟಿ ಕಮಿಟಿ ಎಂಬುದು ಇಲ್ಲವೇ ಇಲ್ಲ ಅನ್ನಿ ಎಂದರು. ಮೌನಿ ಇಲ್ಲವೆಂದು ಒಪ್ಪಿಕೊಂಡ. ಅಲ್ಲಿಗೆ ಬಿಡಬಹುದಿತ್ತು. ಆದರೆ ಅವನ ಬಾಯಿ ಎಂದಾದರೂ ಅಲ್ಲಿಗೆ ಬಿಟ್ಟದ್ದುಂಟೇ? “ಅದರಲ್ಲಿ ಒಂದಿಬ್ಬರು ತಮಗೆ ಪರಿಚಯ ಅಂದಿದ್ರಿ ಸರ್” ಎಂದುಬಿಟ್ಟ. ಅಕ್ಕ ಬ್ರೇಕು ಒತ್ತಿದಳು. ಮುಖ್ಯಾಧಿಕಾರಿ ಮೊದಲು ಕೆಂಪಾದರು, ಆಮೇಲೆ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹಣೆ ಒತ್ತಿದ್ದರಿಂದ ಕಾರಿನ ಹಾರ್ನೂ ಅವರ ಜೊತೆ ನಗುತ್ತಿತ್ತು.

ಕಚೇರಿಗೆ ಬಂದು ಅವರು ಆಜ್ಞೆ ಹೊರಡಿಸಿದರು. ಪ್ರೋಗ್ರಾಮಿನಲ್ಲಿ ಕಾರಣ ತಿಳಿಯದ ಸಾಲುಗಳಿಗೆಲ್ಲ ಕಮೆಂಟ್ ಬರೆಯಬೇಕು, ಊಹಿಸಿ ಬರೆಯಕೂಡದು, ಹೋಗಿ ಕೇಳಿಕೊಂಡು ಬಂದು ಬರೆಯಬೇಕು, ಬರೆಯುವವನು ಮೌನಿ. ಮೌನಿ ತಾನು ಅಳಿಸಿದ್ದನ್ನೆಲ್ಲ ಮರಳಿ ಹಾಕಿದ. ಒಂದೊಂದನ್ನೂ ಓದುತ್ತಾ ಹಾಕಿದ. ಬೇರೆಯವರು ಬರೆದದ್ದು ಇಷ್ಟು ಚೆನ್ನಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಉಳಿದವಕ್ಕೆ ಅವನು ಊರು ಸುತ್ತತೊಡಗಿದ. ಕೇಳುವುದು ಅವನಿಗೆ ಹೊಸ ಕೆಲಸ. ಮೊದಮೊದಲು ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಹೇಳಿಬಿಡುತ್ತಿದ್ದ. ಬರಬರುತ್ತಾ ನಾಲಿಗೆಯನ್ನು ಹಲ್ಲಿನಿಂದ ಹಿಡಿದುಕೊಳ್ಳುವುದು ಅಭ್ಯಾಸವಾಯಿತು.

ಒಂದು ಸಾಲು ಮಾತ್ರ ಬಗೆಹರಿಯಲಿಲ್ಲ. ಉದ್ಯಾನದ ಹತ್ತಿರದ ವೃತ್ತವನ್ನು ಒಂದು ಬಸ್ಸು ವಿನಾಕಾರಣ ಎರಡು ಸುತ್ತು ಹಾಕುತ್ತಿತ್ತು. ಬರೆದವರ ಹೆಸರು ತೋರಿಸುವ ಗುಂಡಿಯನ್ನು ಇನ್ನು ಜನ್ಮದಲ್ಲಿ ಒತ್ತುವುದಿಲ್ಲವೆಂದು ಮೌನಿ ಆಣೆ ಹಾಕಿಕೊಂಡಿದ್ದ. ಪಕ್ಕದ ಮೇಜಿನವಳನ್ನು ಕೇಳಿದರೆ ಅವಳಿಗೆ ಇದ್ದಕ್ಕಿದ್ದಂತೆ ಪ್ರಿಂಟರಿನ ಹತ್ತಿರ ಏನೋ ಕೆಲಸ ನೆನಪಾಯಿತು. ಸರಿ, ಅವನೇ ಆ ಬಸ್ಸು ಹತ್ತಿ ಹೋಗಿ ವೃತ್ತದ ಹತ್ತಿರ ಇಳಿದ. ಎದುರಿನ ಮನೆಯ ಮಹಡಿಯಲ್ಲಿ ಒಬ್ಬ ಅಜ್ಜಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬಸ್ಸು ಯಾಕೆ ಎರಡು ಸುತ್ತು ಹಾಕುತ್ತದೆ, ನಿಮಗೇನಾದರೂ ಗೊತ್ತೇ ಎಂದು ಕೆಳಗಿನಿಂದಲೇ ಕೇಳಿದ.

“ಮೊದಲ್ನೇ ಸುತ್ತು, ಬಸ್ ಬಂತು ಅಂತ ನನಗೆ ಗೊತ್ತಾಗೋಕೆ” ಎಂದರು ಅಜ್ಜಿ, ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿಯುತ್ತಾ. “ನಾನು ಕೆಳಗೆ ಬರೋ ಹೊತ್ತಿಗೆ ಎರಡನೇ ಸುತ್ತು ಮುಗಿದಿರುತ್ತೆ. ನಮ್ಮ ಸೊಸೆ ಬಸ್ ಆಫೀಸಲ್ಲಿ ಇದ್ದಾಳಪ್ಪ, ಅವಳೇ ಮಾಡಿಸಿಕೊಟ್ಟಿದ್ದು. ಯಾರಿಗೂ ಹೇಳ್ಬೇಡಿ ಅಂದಿದ್ದಾಳೆ. ಅವಳ ಪಕ್ಕದ ಮೇಜಲ್ಲಿ ಯಾವನೋ ಒಬ್ಬ ಇದ್ದಾನಂತೆ, ಅವನ ಬಾಯಿಗೆ ಬೀಗವೇ ಇಲ್ವಂತೆ. ಅವನ ಕಿವಿಗೆ ಮಾತ್ರ ಬೀಳಬಾರದು.”

ಅವನ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆಂದು ಮೌನಿ ಗಂಭೀರವಾಗಿ ಮಾತು ಕೊಟ್ಟ. ಅಷ್ಟರಲ್ಲಿ ಬಸ್ಸು ಎರಡನೆಯ ಸುತ್ತು ಮುಗಿಸಿ ಬಂತು. ಅಜ್ಜಿ ಇನ್ನೂ ಕೊನೆಯ ಮೆಟ್ಟಿಲಲ್ಲಿದ್ದರು. ಅವನು ಓಡಿಹೋಗಿ ಚಾಲಕನಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಅಜ್ಜಿಯ ಕೈಹಿಡಿದು ಹತ್ತಿಸಿದ.

“ಈಚೆಗೆ ಮಂಡಿ ನನ್ನ ಮಾತು ಕೇಳ್ತಿಲ್ಲಪ್ಪ” ಎಂದರು ಅಜ್ಜಿ ಸೀಟಿನಲ್ಲಿ ಕೂತು ಉಸಿರು ಬಿಡುತ್ತಾ. “ಇನ್ನೊಂದು ಸುತ್ತು ಹಾಕ್ಸು ಅಂತ ಸೊಸೆಗೆ ಹೇಳ್ಬೇಕು. ಹೇಳೋಕೆ ಸಂಕೋಚ.”

ಮರುದಿನದಿಂದ ಆ ಬಸ್ಸು ವೃತ್ತವನ್ನು ಮೂರು ಸುತ್ತು ಹಾಕತೊಡಗಿತು. ಪಕ್ಕದ ಮೇಜಿನವಳು ಗಾಬರಿಯಾಗಿ ಪ್ರೋಗ್ರಾಂ ತೆರೆದು ನೋಡಿದಳು. ತನ್ನ ಸಾಲಿನ ಮೇಲೆ ಯಾರೋ ಹೊಸದಾಗಿ ಕಮೆಂಟ್ ಬರೆದಿದ್ದರು: ‘ಮಂಡಿ ನೋವಿಗೆ.’ ಅವಳು ಪಕ್ಕಕ್ಕೆ ತಿರುಗಿದಳು. ಮೌನಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಾ ಕೂತಿದ್ದ, ಒಂದೂ ಮಾತಾಡಲಿಲ್ಲ.